ನೇರಳೆ ಬಾಟಲಿಯ ಸುಳ್ಳು

ಡೊಂಬಿವಲಿಗೆ ಬಂದು ನಲವತ್ತು ವರ್ಷ ಆಯ್ತು. ಇವತ್ತಿಗೂ ಭಂಗಾರ್‌ವಾಲಾನ ಕೂಗು ಕೇಳಿದರೆ ನಮ್ಮ ಮನೆಯಲ್ಲಿ ಜಗಳ ಶುರು. ನನ್ನಾಕೆ ಖಾಲಿ ಬಾಟಲಿಗಳನ್ನೆಲ್ಲ ಬಾಗಿಲಿಗೆ ತಂದಿಡುತ್ತಾಳೆ, ನಾನು ಅದರಲ್ಲಿ ಎರಡನ್ನು ಮೆಲ್ಲಗೆ ಒಳಗೆ ಸಾಗಿಸುತ್ತೇನೆ. ಇಂಥ ಮನುಷ್ಯನನ್ನು ಅಮೆರಿಕಕ್ಕೆ ಕರೆಸಿಕೊಂಡದ್ದು ಮಗಳ ತಪ್ಪು!

ಪೆನ್ಸಿಲ್ವೇನಿಯಾದಲ್ಲಿರುವ ಅವಳ ಮನೆಗೆ ಮೂರು ಸಲ ಹೋಗಿದ್ದೇನೆ. ಅಲ್ಲಿ ಭಾನುವಾರದ ಸಂತೆಗಳಲ್ಲಿ ನೂರು, ನೂರೈವತ್ತು ವರ್ಷ ಹಳೆಯ ಬಾಟಲಿಗಳು ಮೇಜಿನ ತುಂಬ ಕೂತಿರುತ್ತವೆ. ನಮ್ಮ ಚೋರ್ ಬಜಾರಿನ ಹಾಗೆಯೇ, ಧೂಳು ಸ್ವಲ್ಪ ಕಡಿಮೆ ಅಷ್ಟೆ. ಔಷಧಿಯ ಬಾಟಲಿ, ಬಿಟರ್ಸ್ ಬಾಟಲಿ, ಜೇಬಿಗೆ ಹಿಡಿಸುವ ಚಪ್ಪಟೆ ವಿಸ್ಕಿ ಫ್ಲಾಸ್ಕು... ನನಗೆ ಹುಚ್ಚು ಹಿಡಿಯಲು ಇನ್ನೇನು ಬೇಕು?

2022ರಲ್ಲಿ ಅಂಥದೊಂದು ಮೇಜಿನಿಂದ ಔಷಧಿ ಅಂಗಡಿಯ ಹಳೆ ಬಾಟಲಿಯೊಂದನ್ನು 45 ಡಾಲರ್ ಕೊಟ್ಟು ಕೊಂಡೆ. ಬಣ್ಣ ಅಂದರೆ ಬಣ್ಣ, ಮಳೆಗಾಲದ ನೇರಳೆ ಹಣ್ಣಿನಂತೆ ಕಡು ಬಣ್ಣ. "ಅರಿಜೋನಾದ ಮರುಭೂಮಿಯಲ್ಲಿ ನೂರು ವರ್ಷ ಬಿಸಿಲು ಕುಡಿದು ಹೀಗಾಗಿದೆ" ಅಂದ ಮಾರುವವ. ನಾನು ನಂಬಿದೆ. ಮನೆಗೆ ಬಂದು ಮೊಮ್ಮಗಳಿಗೂ ಅದೇ ಕತೆ ಹೇಳಿದೆ. ಅವಳು ಬಾಟಲಿಯನ್ನು ಶಾಲೆಗೆ ಒಯ್ದು ಇಡೀ ತರಗತಿಗೆ ಹೇಳಿ ಬಂದಳು.

ಮುಂದಿನ ವಾರ ಅದೇ ಸಂತೆಯಲ್ಲಿ ಅದೇ ಅಚ್ಚಿನ ಬಾಟಲಿ ಇನ್ನೊಂದು ಮೇಜಿನಲ್ಲಿತ್ತು. ಬಣ್ಣವಿಲ್ಲದ್ದು, ಬೆಲೆ 5 ಡಾಲರ್. ಆ ಮೇಜಿನ ಮುದುಕ ನನ್ನ ಮೊಬೈಲಿನಲ್ಲಿದ್ದ ಫೋಟೋ ನೋಡಿ ನಕ್ಕುಬಿಟ್ಟ. "ಇದು ಬಿಸಿಲಲ್ಲ, ಗಾಮಾ ಕಿರಣ" ಅಂದ.

ವಿಷಯ ಇಷ್ಟು. ಮರಳಿನಲ್ಲಿರುವ ಕಬ್ಬಿಣದ ಅಂಶ ಗಾಜಿಗೆ ಹಸಿರು ಛಾಯೆ ಕೊಡುತ್ತದೆ. ಅದನ್ನು ಮರೆಮಾಚಲು ಅಮೆರಿಕದ ಗಾಜಿನವರು, ಮುಖ್ಯವಾಗಿ 1880ರಿಂದ ಮೊದಲ ಮಹಾಯುದ್ಧದ ಕಾಲದವರೆಗೆ, ಮ್ಯಾಂಗನೀಸ್ ಬೆರೆಸುತ್ತಿದ್ದರು. ಅಂಥ ಗಾಜು ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ನಿಧಾನವಾಗಿ ತಿಳಿ ನೇರಳೆಗೆ ತಿರುಗುತ್ತದೆ. ಇಲ್ಲಿಯವರೆಗೆ ಎಲ್ಲ ನಿಜ. ಆದರೆ ಈಗ ಕೆಲವರು 5 ಡಾಲರಿನ ಬಾಟಲಿಗೆ ಗಾಮಾ ಕಿರಣ ಕೊಡಿಸಿ ಕೆಲವೇ ಗಂಟೆಗಳಲ್ಲಿ ಕಡುನೇರಳೆ ಮಾಡಿಸುತ್ತಾರೆ. ನಮ್ಮ ವಾಶಿಯಲ್ಲಿ ಮಸಾಲೆ ಪದಾರ್ಥ ಕೆಡದಿರಲೆಂದು ಕೋಬಾಲ್ಟ್-60 ಬಳಸುತ್ತಾರಲ್ಲ, ಅದೇ ಜಾತಿಯ ಕಿರಣ. ಹಾಗಂತ ಬಾಟಲಿ ಮುಟ್ಟಿದರೆ ಅಪಾಯವೇನಿಲ್ಲ. ಗಾಜಿನಲ್ಲಿ ವಿಕಿರಣ ಉಳಿಯುವುದಿಲ್ಲ, ಸುಳ್ಳು ಮಾತ್ರ ಉಳಿಯುತ್ತದೆ.

ಇದನ್ನು ಹೇಳಿದರೆ ಸಂಗ್ರಹಕಾರರಲ್ಲೇ ಕೆಲವರು ವಾದಕ್ಕೆ ಬರುತ್ತಾರೆ. "ಬಿಸಿಲು ಮಾಡುವುದನ್ನೇ ನಾವು ಬೇಗ ಮಾಡಿಸಿದೆವು, ತಪ್ಪೇನು? ಚೆನ್ನಾಗಿ ಕಾಣುತ್ತದಲ್ಲ?" ಚೆನ್ನಾಗಿ ಕಾಣುತ್ತದೆ ಸ್ವಾಮಿ, ನಾನೂ ಹಲ್ಲು ಕಿರಿದು ಕೊಂಡವನೇ! ಆದರೆ ಬಿಸಿಲಿನ ಬಣ್ಣ ಒಂದು ದಾಖಲೆ. ಅರ್ಧ ಮಣ್ಣಲ್ಲಿ ಹೂತಿದ್ದರೆ ಮೇಲಿನ ಭಾಗ ನೇರಳೆ, ಹೂತ ಭಾಗ ತಿಳಿಯಾಗಿಯೇ ಇರುತ್ತದೆ. ಎಲ್ಲಿ ಬಿದ್ದಿತ್ತು, ಹೇಗೆ ಬಿದ್ದಿತ್ತು ಅಂತ ಬಾಟಲಿಯೇ ಹೇಳುತ್ತದೆ. ಕಿರಣ ಕೊಟ್ಟ ಮೇಲೆ ಆ ಮಾತು ಅಳಿಸಿಹೋಯಿತು. ಮುದುಕಪ್ಪನ ಮುಖಕ್ಕೆ ಬಣ್ಣ ಬಳಿದು ಮದುಮಗನನ್ನಾಗಿ ಮಾಡಿದ ಹಾಗೆ.

ನನ್ನ ತಕರಾರು ಬರೀ ಒಬ್ಬ ಮೋಸಗಾರನ ಮೇಲಲ್ಲ. ಮೋಸಕ್ಕೆ ಗೊಬ್ಬರ ಹಾಕಿದವರು ನಾವೇ, ಬಣ್ಣಕ್ಕೆ ಬೆಲೆ ಕಟ್ಟುವವರು. ಫಿಲಡೆಲ್ಫಿಯಾದ ಡಯೊಟ್‌ವಿಲ್ ಕಾರ್ಖಾನೆಯ ಫ್ಲಾಸ್ಕುಗಳನ್ನೇ ನೋಡಿ. ಒಂದು ಕಡೆ ಜಾರ್ಜ್ ವಾಷಿಂಗ್ಟನ್, ಇನ್ನೊಂದು ಕಡೆ ಜನರಲ್ ಟೇಲರ್. ಅಚ್ಚು ಅದೇ, ಮುಖ ಅದೇ, ಒಳಗೆ ತುಂಬಿದ್ದ ವಿಸ್ಕಿಯೂ ಅದೇ ಇರಬೇಕು. ಆದರೆ ತಿಳಿನೀಲಿಹಸಿರಿನದ್ದಕ್ಕೆ ಒಂದು ಬೆಲೆ, ಕಡುನೀಲಿಯದ್ದಕ್ಕೆ ಅದರ ಎಷ್ಟೋ ಪಟ್ಟು. ಒಂದೇ ಫ್ಲಾಸ್ಕನ್ನು ಹತ್ತು ಬಣ್ಣದಲ್ಲಿ ಸಾಲಾಗಿ ಕಿಟಕಿಯಲ್ಲಿಟ್ಟು ದೀಪ ಹಾಕುವವರಿದ್ದಾರೆ. ಆ ಕಾರ್ಖಾನೆಗೆ ಆ ಹೆಸರು ಬಂದದ್ದು ಯಾರಿಂದ ಅಂತ ಅವರಲ್ಲಿ ಎಷ್ಟು ಜನ ಯೋಚಿಸಿದ್ದಾರೋ! ಥಾಮಸ್ ಡಯೊಟ್ ಪೇಟೆಂಟ್ ಔಷಧಿ ಮಾರಿ ಶ್ರೀಮಂತನಾದವ, ವೈದ್ಯಕೀಯ ಪದವಿ ಇಲ್ಲದೆಯೇ ಡಾಕ್ಟರ್ ಅನ್ನಿಸಿಕೊಂಡವ. ಬೆಂಜಮಿನ್ ಫ್ರಾಂಕ್ಲಿನ್ ಮುಖವಿದ್ದ ಫ್ಲಾಸ್ಕಿನ ಇನ್ನೊಂದು ಬದಿಗೆ ತನ್ನದೇ ಮುಖ ಅಚ್ಚು ಹಾಕಿಸಿದ. ಆಮೇಲೆ ಬ್ಯಾಂಕು ತೆರೆದು, ಮುಳುಗಿಸಿ, ವಂಚನೆಗಾಗಿ ಜೈಲಿಗೂ ಹೋದ. ಇಂಥ ಕತೆ ಕೈಯಲ್ಲಿರುವಾಗ ಬರೀ ಬಣ್ಣ ನೋಡುತ್ತಾ ಕೂರುವುದೇ?

ಈಗ ನನ್ನ ಹತ್ತಿರದ ಅತಿ ಅಗ್ಗದ ಬಾಟಲಿಯ ಮಾತು. ಬೆರಳುದ್ದಕ್ಕಿಂತ ಸ್ವಲ್ಪ ದೊಡ್ಡದು, ತೆಳು ನೀಲಿಹಸಿರು. ಮೈಮೇಲೆ 'ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್' ಎಂಬ ಉಬ್ಬಕ್ಷರ. ಲೆಕ್ಕವಿಲ್ಲದಷ್ಟು ಸಿಗುವುದರಿಂದ ಇದನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಹಲ್ಲು ಬರುವ ಮಕ್ಕಳ ಅಳು ನಿಲ್ಲಿಸಲು 1849ರಿಂದ ಮಾರುತ್ತಿದ್ದ ಸಿರಪ್ ಇದು. ಒಳಗಿದ್ದದ್ದು ಮಾರ್ಫಿನ್. ಅಳು ನಿಲ್ಲುತ್ತಿತ್ತು, ಕೆಲವು ಮಕ್ಕಳದ್ದು ಶಾಶ್ವತವಾಗಿ. 1906ರ ಆಹಾರ ಮತ್ತು ಔಷಧಿ ಕಾಯಿದೆ ಬಂದ ಮೇಲೆಯೇ ಮಾರ್ಫಿನ್ ಇದೆಯೆಂದು ಲೇಬಲ್ಲಿನ ಮೇಲೆ ಬರೆಯಬೇಕಾಯಿತು. 1911ರಲ್ಲಿ ಅಮೆರಿಕದ ವೈದ್ಯರ ಸಂಘ ಇದನ್ನು ಮಕ್ಕಳನ್ನು ಕೊಲ್ಲುವ ಔಷಧಿಗಳ ಸಾಲಿಗೇ ಸೇರಿಸಿತು.

ಮುಂಬಯಿಯಲ್ಲಿ ಬಾಳಿದವನಿಗೆ ಇದು ದೂರದ ಕತೆಯಲ್ಲ. ಗಿರಣಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರು ಮಗು ಮಲಗಿರಲೆಂದು ಅಫೀಮಿನ 'ಬಾಲಗೋಳಿ' ಕೊಡುತ್ತಿದ್ದ ಕಾಲ ಈ ಊರಿನಲ್ಲೂ ಇತ್ತು. ಅವರಿಗೆ ಬೇರೆ ದಾರಿ ಇರಲಿಲ್ಲ. ಆ ಗೋಲಿಗಳ ಗುರುತು ಇವತ್ತು ಎಲ್ಲಿ ಸಿಗುತ್ತದೆ ಹೇಳಿ? ಅಮೆರಿಕದ ಸುಳ್ಳಾದರೋ ಗಾಜಿನ ಮೇಲೆ ಅಕ್ಷರವಾಗಿ ಉಳಿದಿದೆ. ಅಂಥ ಸಾಕ್ಷಿಯ ಮೇಲೆ ಇನ್ನೊಂದು ಸುಳ್ಳು ಬಳಿಯುವುದು ನನಗೆ ಸಣ್ಣ ಅಪರಾಧ ಅನ್ನಿಸುವುದಿಲ್ಲ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿ ಸಂತೆ ಸುತ್ತುವ ನನ್ನಂಥ ಅಪ್ಪ ಅಮ್ಮಂದಿರಿಗೆ ಎರಡು ಮಾತು. ಕಡುನೇರಳೆ ಕಂಡರೆ ಮೊದಲು ಅನುಮಾನ ಪಡಿ, ಬಿಸಿಲಿನ ನೇರಳೆ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. "ಕಿರಣ ಕೊಡಿಸಿದ್ದಾ?" ಎಂದು ಬಾಯಿಬಿಟ್ಟು ಕೇಳಿ, ರಸೀದಿಯಲ್ಲಿ ಬರೆದುಕೊಡಲು ಹೇಳಿ. ಮಾರುವವರಿಗೆ ನನ್ನ ಒತ್ತಾಯವೂ ಇಷ್ಟೇ. ಕಿರಣ ಕೊಡಿಸಿದ ಬಾಟಲಿಯ ಚೀಟಿಯ ಮೇಲೆ ಹಾಗೆಂದು ಬರೆಯಿರಿ. ಬರೆದ ಮೇಲೂ 45 ಡಾಲರ್ ಕೊಡುವವರಿದ್ದರೆ ಅದು ಅವರ ಹಣೆಬರಹ.

ಮೊಮ್ಮಗಳಿಗೆ ನಿಜ ಹೇಳಲೇಬೇಕಾಯಿತು. "ಹಾಗಾದ್ರೆ ನಾನು ಕ್ಲಾಸಲ್ಲಿ ಸುಳ್ಳು ಹೇಳಿದ್ನಾ ಅಜ್ಜ?" ಅಂದಳು. "ಇಲ್ಲ ಮಗಾ, ನಿನ್ನ ಅಜ್ಜ ವಿಚಾರಿಸದೆ ಹೇಳಿದ್ದು" ಅಂದೆ. ಮರುದಿನ ಅವಳು ಆ ಸಿರಪ್ ಬಾಟಲಿಯನ್ನು ಶಾಲೆಗೆ ಒಯ್ದು ಎರಡೂ ಕತೆ ಹೇಳಿ ಬಂದಳು.

ನೇರಳೆ ಬಾಟಲಿ ಈಗ ಡೊಂಬಿವಲಿಯಲ್ಲಿದೆ. ಅದಕ್ಕೊಂದು ಚೀಟಿ ಅಂಟಿಸಿದ್ದೇನೆ: 'ಬಣ್ಣ ನಕಲಿ, ಕೊಂಡವ ಪೆದ್ದ.' ಭಂಗಾರ್‌ವಾಲಾನಿಗೆ ಕೊಡೋಣವೇ ಎಂದು ನನ್ನಾಕೆ ಕೇಳುತ್ತಲೇ ಇದ್ದಾಳೆ. ನೀವೇನಂತೀರಿ?