ಕಾಡುಹಂದಿ, ಕಾಯ್ದೆ ಮತ್ತು ಕೌದಳ್ಳಿಯ ಉದ್ರಿ ಲೆಕ್ಕ

ವನ್ಯಜೀವಿ ಕಾಯ್ದೆಗೆ ಕೇರಳ ವಿಧಾನಸಭೆಯು 2025ರ ಅಕ್ಟೋಬರ್‌ನಲ್ಲಿ ತನ್ನದೇ ತಿದ್ದುಪಡಿಯನ್ನು ಅಂಗೀಕರಿಸಿದ ಮೇಲೆ, ಅಂತಹುದೇ ಶಾಸನ ಕರ್ನಾಟಕಕ್ಕೂ ಬೇಕೆಂಬ ಮಾತು ಕಾಡಂಚಿನಲ್ಲಿ ಹುಟ್ಟುವುದು ಸಹಜ. 1976ರ 42ನೇ ಸಂವಿಧಾನ ತಿದ್ದುಪಡಿಯಿಂದ ಈ ವಿಷಯವು ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯವು ಕಾನೂನು ಮಾಡಬಹುದು. ಕೇಂದ್ರ ಕಾಯ್ದೆಗೆ ವ್ಯತಿರಿಕ್ತವಾದುದಕ್ಕೆ ರಾಷ್ಟ್ರಪತಿಗಳ ಅಂಕಿತ ಬೇಕು.

ಆದರೆ ಕೌದಳ್ಳಿಗೆ ಬೇಕಾದುದು ಕೋವಿಯೇ? ನಿಂತ ಬೆಳೆಗೆ ಅಪಾಯಕಾರಿಯಾದ ಕಾಡುಹಂದಿಯನ್ನು ಕೊಲ್ಲಲು ಲಿಖಿತ ಅನುಮತಿ ನೀಡುವ ಅವಕಾಶ 1972ರ ಕಾಯ್ದೆಯ 11ನೇ ಪ್ರಕರಣದಲ್ಲಿ ಈಗಾಗಲೇ ಇದೆ. ಅನುಮತಿಯಿಲ್ಲದ ಬೇಟೆಗಾರನ ಉರುಳಿಗಾದರೋ ಹಂದಿ ಯಾವುದು, ಚಿರತೆ ಯಾವುದು ಎಂಬ ಭೇದವಿಲ್ಲ. 2025ರ ಜೂನ್‌ನಲ್ಲಿ ಇದೇ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಬೆರೆತ ಹಸುವಿನ ಮಾಂಸ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ಅಲ್ಲಿ ಕೋವಿ ಬೇಕಾಗಲೇ ಇಲ್ಲ.

ವರ್ತಕರ ದೃಷ್ಟಿಯಿಂದ ಪ್ರಶ್ನೆಯು ಬೇರೆಯೇ ಇದೆ. ಬೀಜ, ಗೊಬ್ಬರವನ್ನು ಉದ್ರಿಗೆ ಒಯ್ದ ರೈತನ ಜೋಳವನ್ನು ಹಂದಿಗಳು ಒಂದೇ ರಾತ್ರಿಯಲ್ಲಿ ನೆಲಸಮ ಮಾಡಿದರೆ ಅಂಗಡಿಯ ಖಾತೆಯೂ ಅಂದೇ ನಿಲ್ಲುತ್ತದೆ. ಪರಿಹಾರವು ಮುಂದಿನ ಬಿತ್ತನೆ ಕಳೆದ ಮೇಲೆ ಕೈಸೇರಿದರೆ ಅದು ರೈತನಿಗೂ ಆಗಲಿಲ್ಲ, ಅಂಗಡಿಗೂ ಆಗಲಿಲ್ಲ. ಶಾಸನಸಭೆಯು ತಿದ್ದುಪಡಿಯನ್ನು ತರುವುದಾದಲ್ಲಿ ಮೊದಲು ಪರಿಹಾರಕ್ಕೆ ದಿನಗಳ ಮಿತಿಯನ್ನೂ, ತಡವಾದ ಪ್ರತಿ ದಿನಕ್ಕೆ ಬಡ್ಡಿಯನ್ನೂ ಕಾನೂನಿನಲ್ಲಿಯೇ ಬರೆಯಲಿ. ಬ್ಯಾಂಕು ತನ್ನ ಸಾಲಕ್ಕೆ ಕೇಳುವ ನಿಯಮವನ್ನೇ ಸರ್ಕಾರವು ತನ್ನ ಬಾಕಿಗೂ ಅನ್ವಯಿಸಿಕೊಳ್ಳಲು ಅಡ್ಡಿಯೇನಿದೆ? ಕೊಳ್ಳೇಗಾಲ, ಹನೂರಿನ ವರ್ತಕರು ರೈತ ಸಂಘಗಳೊಡನೆ ಕೂಡಿ ಈ ಬೇಡಿಕೆಯನ್ನು ಮುಂದಿನ ಅಧಿವೇಶನಕ್ಕೆ ಮುನ್ನವೇ ಶಾಸಕರ ಮುಂದಿಡುವುದು ಯುಕ್ತ.