ತೆರೆಗೆ ಬಂದ ಪುಣ್ಯಕೋಟಿ

ಟೆಲಿವಿಷನ್ನಿನ ಟಾಮ್ ಬೆಕ್ಕನ್ನೂ ಜೆರ್ರಿ ಇಲಿಯನ್ನೂ ಅರಿಯದ ಮಕ್ಕಳುಂಟೆ? 1940ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆ ಜೋಡಿಗೆ ಮಾತಿನ ಹಂಗಿಲ್ಲ. ನಮ್ಮ ಪುಣ್ಯಕೋಟಿಯಾದರೋ ಮಾತಿನಿಂದಲೇ ಬದುಕಿದವಳು. (ಹುಲಿಗೆ ಮಾತ್ರ ಆ ಮಾತೇ ಮುಳುವಾಯಿತು.) ಕೊಟ್ಟ ಮಾತಿಗೆ ಕಟ್ಟುಬಿದ್ದು, ಕರುವನ್ನಗಲಿ ಹುಲಿಯೆದುರು ನಿಂತ ಈ ಹಸು, ಬೆಂಗಳೂರಿನ ವಿ. ರವಿಶಂಕರರ ನಿರ್ದೇಶನದಲ್ಲಿ ವ್ಯಂಗ್ಯಚಿತ್ರದ ಚಲನಚಿತ್ರವಾಯಿತು. ಜನರಿಂದ ಹಣ ಕೂಡಿಸಿ, ಇಳಯರಾಜರ ಸಂಗೀತ ಬೆರೆಸಿ ರೂಪಿಸಿದ ಆ ಚಿತ್ರ 2020ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಮನೆಯ ತೆರೆಗೆ ಬಂದಿತು. ಅದರ ಭಾಷೆ ಸಂಸ್ಕೃತ. ಸಂಸ್ಕೃತಕ್ಕೆ ಅದೊಂದು ಸಂಪತ್ತೆಂಬುದು ದಿಟ. ಆದರೆ ಶಾಲೆಯಲ್ಲಿ ಕನ್ನಡದಲ್ಲೇ ಹಾಡಿ ಕಣ್ಣೀರಿಟ್ಟ ರಾಜಾಜಿನಗರದ ಮಗು, ತನ್ನ ಹಸುವಿನ ಮಾತನ್ನು ತೆರೆಯ ಅಡಿಬರಹ ಓದಿ ತಿಳಿಯಬೇಕಾಯಿತು.