ಆ ಅಂಕಕ್ಕೆ ಆಧಾರ ಕೇಳಿ

2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಗಳು ಅರ್ಥಗೆಟ್ಟು ಬಂದಾಗ ಅಭ್ಯರ್ಥಿಗಳು ಬೀದಿಗಿಳಿದರು, ಪತ್ರಿಕೆಗಳು ಬರೆದವು, ಸರ್ಕಾರ ಮರುಪರೀಕ್ಷೆಗೆ ಒಪ್ಪಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ತಪ್ಪು ನುಸುಳಿತು. ಜನ ಮತ್ತೆ ದನಿ ಎತ್ತಿದರು. ಪ್ರಶ್ನೆಪತ್ರಿಕೆ ಕೈಯಲ್ಲಿತ್ತು, ಕೀ ಉತ್ತರ ಪ್ರಕಟವಾಗುತ್ತದೆ, ಆಕ್ಷೇಪಣೆ ಸಲ್ಲಿಸಬಹುದು. ಹಾಗಾಗಿ ತಪ್ಪನ್ನು ತಪ್ಪೆಂದು ತೋರಿಸಲು ಸಾಧ್ಯವಾಯಿತು.

ಖಾಸಗಿ ನೌಕರಿಯ ಬಾಗಿಲಲ್ಲಿ ಇದ್ಯಾವುದೂ ಇಲ್ಲ. ಸಿಂಧನೂರಿನಿಂದಲೋ ಹರಪನಹಳ್ಳಿಯಿಂದಲೋ ಡಿಪ್ಲೊಮಾ ಮುಗಿಸಿ ಬಂದ ಹುಡುಗಿ ಮೊಬೈಲಿನಲ್ಲಿ ಲಿಂಕ್ ಒತ್ತುತ್ತಾಳೆ. ಗಡಿಯಾರ ಓಡತೊಡಗುತ್ತದೆ. ಒಂದಷ್ಟು ಲೆಕ್ಕ, ಒಂದಷ್ಟು ಇಂಗ್ಲಿಷ್, ಆಮೇಲೆ ಗುಂಪಿನಲ್ಲಿರುವುದು ಇಷ್ಟವೋ ಒಂಟಿಯಾಗಿರುವುದು ಇಷ್ಟವೋ ಎಂಬಂಥ ಸಾಲುಸಾಲು ಪ್ರಶ್ನೆ. ನಾಲ್ಕು ದಿನ ಬಿಟ್ಟು ವಿಷಾದದ ಮೇಲ್. ಎಷ್ಟು ಅಂಕ ಬಂತು, ಎಲ್ಲಿ ಎಡವಿದೆ, ಆ ಪ್ರಶ್ನೆಗಳಿಗೂ ಮಾಡಬೇಕಿದ್ದ ಕೆಲಸಕ್ಕೂ ಏನು ಸಂಬಂಧ, ಯಾವುದನ್ನೂ ಯಾರೂ ಅವಳಿಗೆ ಹೇಳುವುದಿಲ್ಲ. ನನ್ನನ್ನು ಇನ್ನೂ ಹೆಚ್ಚು ಕಾಡುವುದು ಬೇರೆ: ಎಷ್ಟೋ ಕಡೆ ಮೇಲ್ ಕಳಿಸಿದವರಿಗೇ ಅದು ಗೊತ್ತಿರುವುದಿಲ್ಲ. ಮಾರಲು ಬಂದವರ ಮಾತು ಕೇಳಿ ಪರೀಕ್ಷೆಯನ್ನು ಕೊಂಡಿರುತ್ತಾರೆ, ಅಷ್ಟೇ.

ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್, ಹುಬ್ಬಳ್ಳಿಯ ಎಚ್‌ಆರ್ ಗೆಳೆಯರೇ, ಮಾಲೀಕರೇ, ಈ ಮಾತು ನಿಮಗೆ.

1965ರ ಜುಲೈ 2. ನೌಕರಿಯಲ್ಲಿ ಜನಾಂಗಭೇದ ಮಾಡಬಾರದೆಂಬ ಕಾನೂನು ಅಮೆರಿಕದಲ್ಲಿ ಜಾರಿಗೆ ಬಂದ ದಿನ. ಉತ್ತರ ಕ್ಯಾರೊಲಿನಾದ ಡ್ರೇಪರ್ ಎಂಬಲ್ಲಿದ್ದ ಡ್ಯೂಕ್ ಪವರ್ ಕಂಪನಿಯ ವಿದ್ಯುತ್ ಸ್ಥಾವರ ಅದೇ ದಿನ ಹೊಸ ನಿಯಮ ತಂದಿತು. ಅಲ್ಲಿ ಕಪ್ಪು ವರ್ಣೀಯರಿಗೆ ಅದುವರೆಗೆ ಸಿಗುತ್ತಿದ್ದದ್ದು ಕೂಲಿ ವಿಭಾಗ ಮಾತ್ರ; ಆ ವಿಭಾಗದ ಅತಿ ಹೆಚ್ಚಿನ ಸಂಬಳ ಬೇರೆ ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತಲೂ ಕೆಳಗಿತ್ತು. ಇನ್ನು ಬೇರೆ ವಿಭಾಗಕ್ಕೆ ಹೊಸದಾಗಿ ಸೇರುವವರು ಹೈಸ್ಕೂಲ್ ಮುಗಿಸಿರಬೇಕು, ಜೊತೆಗೆ ಎರಡು ಸಿದ್ಧ ಪರೀಕ್ಷೆ ದಾಟಬೇಕು. ಒಂದು, 12 ನಿಮಿಷದಲ್ಲಿ 50 ಪ್ರಶ್ನೆಗಳ ವಂಡರ್ಲಿಕ್. ಇನ್ನೊಂದು ಯಂತ್ರಜ್ಞಾನ ಅಳೆಯುವ ಬೆನೆಟ್ ಪರೀಕ್ಷೆ. ಎರಡೂ ಹೆಸರಾಂತ ಪರೀಕ್ಷೆಗಳೇ. ಆದರೆ ಕಲ್ಲಿದ್ದಲು ಸಾಗಿಸುವ ಕೆಲಸಕ್ಕೂ ಆ ಪ್ರಶ್ನೆಗಳಿಗೂ ಏನು ನಂಟೆಂದು ಕಂಪನಿ ಪರಿಶೀಲಿಸಿಯೇ ಇರಲಿಲ್ಲ. ಸಿಬ್ಬಂದಿಯ ಒಟ್ಟು ಗುಣಮಟ್ಟ ಮೇಲೇರಲೆಂದು ಮಾಡಿದೆವು ಎಂದು ಅದರ ಉಪಾಧ್ಯಕ್ಷರು ಸಾಕ್ಷ್ಯ ನುಡಿದರು.

ವಿಲ್ಲಿ ಗ್ರಿಗ್ಸ್ ಮತ್ತು ಸಂಗಡಿಗರು, ಒಟ್ಟು 13 ಕಪ್ಪು ಕಾರ್ಮಿಕರು, ನ್ಯಾಯಾಲಯಕ್ಕೆ ಹೋದರು. ಅಲ್ಲಿ ಹೊರಬಿದ್ದ ಒಂದು ಸಂಗತಿಯ ಮುಂದೆ ಕಂಪನಿಯ ವಾದ ನಿಲ್ಲಲಿಲ್ಲ: ನಿಯಮ ಬರುವ ಮೊದಲು ಹೈಸ್ಕೂಲ್ ಪ್ರಮಾಣಪತ್ರವೂ ಇಲ್ಲದೆ, ಪರೀಕ್ಷೆಯೂ ಇಲ್ಲದೆ ಸೇರಿದ್ದ ಬಿಳಿಯರು ಅದೇ ಕೆಲಸಗಳನ್ನು ಸರಿಯಾಗಿಯೇ ಮಾಡುತ್ತಿದ್ದರು, ಬಡ್ತಿಯನ್ನೂ ಪಡೆಯುತ್ತಿದ್ದರು. 1971ರ ಮಾರ್ಚ್ 8ರಂದು ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ಬರೆದ ಆ ತೀರ್ಪಿನ ಸಾರ ಇಷ್ಟು: ಉದ್ದೇಶ ಒಳ್ಳೆಯದಿದ್ದರೆ ಸಾಲದು. ಆ ಕೆಲಸಕ್ಕೆ ಈ ಮನುಷ್ಯ ಒಗ್ಗುತ್ತಾನೆಯೇ ಎಂಬುದನ್ನು ಪರೀಕ್ಷೆ ಅಳೆಯಬೇಕು. ಅಳೆಯುತ್ತದೆಂದು ತೋರಿಸುವ ಹೊಣೆ ಪರೀಕ್ಷೆ ಇಟ್ಟವರದು.

ಆ ಹೊಣೆ ಹೊರಲು ಇಲ್ಲೂ ಯಾರೋ ನಿಮ್ಮನ್ನು ಕೋರ್ಟಿಗೆ ಎಳೆಯುವವರೆಗೆ ಕಾಯಬೇಕೇ?

ಪರೀಕ್ಷೆಯೇ ಬೇಡ ಎನ್ನುತ್ತಿಲ್ಲ. ಪರಿಚಯ, ಜಾತಿ, ಊರು ನೋಡಿ ಕೆಲಸ ಕೊಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಸಾವಿರ ಪಾಲು ಮೇಲು. ಆದರೆ ಒಳ್ಳೆಯ ಪರೀಕ್ಷೆಗೂ ಮಿತಿಯಿದೆ. ಮನೋವಿಜ್ಞಾನಿ ಪಾಲ್ ಸ್ಯಾಕೆಟ್ ಮತ್ತು ಸಹೋದ್ಯೋಗಿಗಳು 2022ರಲ್ಲಿ ದಶಕಗಳ ಅಧ್ಯಯನಗಳನ್ನು ಮತ್ತೆ ಲೆಕ್ಕಕ್ಕೆ ಹಚ್ಚಿದಾಗ ಮೊದಲ ಸ್ಥಾನಕ್ಕೆ ಬಂದದ್ದು, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ. ಅದಕ್ಕೂ ಮುಂದಿನ ಕೆಲಸದ ಸಾಧನೆಗೂ ಇರುವ ಸಹಸಂಬಂಧ 0.42. ಕೆಲಸದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಐದನೇ ಒಂದು ಪಾಲಿಗೂ ಅದು ಉತ್ತರ ಕೊಡಲಾರದು. ಬುದ್ಧಿಶಕ್ತಿ ಪರೀಕ್ಷೆಗೆ ಸಿಕ್ಕಿದ್ದು 0.31. ಕೈಬರಹ ನೋಡಿ ಗುಣ ಹೇಳುವುದಕ್ಕೆ 1998ರ ಸ್ಮಿತ್ ಮತ್ತು ಹಂಟರ್ ಸಮೀಕ್ಷೆ ಕೊಟ್ಟದ್ದು 0.02, ಇಲ್ಲವೆಂದೇ ಲೆಕ್ಕ. ಹೀಗಿರುವಾಗ ತಮ್ಮ ಪರೀಕ್ಷೆ ನೂರಕ್ಕೆ ತೊಂಬತ್ತು ನಿಖರ ಎಂದು ಹೇಳುವವರನ್ನು ಬಾಗಿಲಲ್ಲೇ ನಿಲ್ಲಿಸಿ, ಲೆಕ್ಕ ಕೇಳಿ.

ವ್ಯಕ್ತಿತ್ವದ ವರದಿ ಓದಿ 'ಅರೆ, ಇದು ನಾನೇ' ಎಂದು ನಿಮಗೆ ಅನ್ನಿಸಿತೆಂಬುದೂ ಪುರಾವೆಯಲ್ಲ. 1948ರಲ್ಲಿ ಮನೋವಿಜ್ಞಾನಿ ಬರ್ಟ್ರಮ್ ಫೋರರ್ ತಮ್ಮ ತರಗತಿಯಲ್ಲಿ ಒಂದು ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ ನಿನ್ನದೇ ವರದಿ ಎಂದು ಒಂದೇ ಬರಹವನ್ನು ಹಂಚಿದರು. ಅದರ ಬಹುಪಾಲು ಅಂಗಡಿಯಲ್ಲಿ ಸಿಕ್ಕ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಎಷ್ಟು ಸರಿಯಾಗಿದೆ ಎಂದು ಕೇಳಿದರೆ ವಿದ್ಯಾರ್ಥಿಗಳು ಕೊಟ್ಟ ಸರಾಸರಿ 5ಕ್ಕೆ 4ಕ್ಕಿಂತ ಹೆಚ್ಚು. ಇನ್ನು ಮನುಷ್ಯರನ್ನು 16 ಬಗೆಯಾಗಿ ವಿಂಗಡಿಸುವ ಎಂಬಿಟಿಐ: ನೇಮಕಾತಿಗೆ ಇದನ್ನು ಬಳಸಬೇಡಿ ಎಂದು ಅದರ ಪ್ರಕಾಶಕರೇ ಹೇಳಿದ್ದಾರೆ. ಹಾಗಿದ್ದ ಮೇಲೆ ಅದು ಕೊಡುವ ನಾಲ್ಕಕ್ಷರದ ಬಗೆ ನೋಡಿ ಒಬ್ಬರ ಅನ್ನ ಕಸಿಯುವುದು ಅನ್ಯಾಯ. ವಿಡಿಯೊ ಸಂದರ್ಶನದಲ್ಲಿ ಮುಖಭಾವವನ್ನು ಯಂತ್ರದಿಂದ ಅಳೆಯುತ್ತಿದ್ದ ಅಮೆರಿಕದ ಹೈರ್‌ವ್ಯೂ ಕೂಡ ಆ ವಿಧಾನವನ್ನು ಕೈಬಿಟ್ಟಿರುವುದಾಗಿ 2021ರಲ್ಲಿ ಪ್ರಕಟಿಸಿತು.

ನಂಬಬಹುದಾದ ಮಾಹಿತಿ ಎಲ್ಲಿದೆ ಎಂದು ಕೇಳುವಿರಿ. ಮೊದಲು ಮಾರಾಟಗಾರರ ಹತ್ತಿರವೇ ತಾಂತ್ರಿಕ ಕೈಪಿಡಿ ಇರಬೇಕು. ಯಾರ ಮೇಲೆ, ಯಾವ ದೇಶದಲ್ಲಿ, ಯಾವ ಕೆಲಸಕ್ಕಾಗಿ ಪರೀಕ್ಷೆಯನ್ನು ಒರೆಹಚ್ಚಿದರು ಎಂಬುದು ಅದರಲ್ಲಿರಬೇಕು. ಕೈಪಿಡಿ ಇಲ್ಲ, ಇದ್ದರೂ ಅದು ವ್ಯಾಪಾರದ ಗುಟ್ಟು ಎಂದರೆ ಮಾತುಕತೆ ಅಲ್ಲಿಗೆ ಮುಗಿಸಿ. ಅಮೆರಿಕದ ಮೂರು ವೃತ್ತಿ ಸಂಘಗಳು ಸೇರಿ 2014ರಲ್ಲಿ ಹೊಸದಾಗಿ ತಂದ ಪರೀಕ್ಷಾ ಮಾನದಂಡಗಳ ಗ್ರಂಥವನ್ನು ಈಗ ಯಾರು ಬೇಕಾದರೂ ಉಚಿತವಾಗಿ ಓದಬಹುದು. ಆಸ್ಕರ್ ಬ್ಯೂರೋಸ್ 1938ರಲ್ಲಿ ಆರಂಭಿಸಿದ ಗ್ರಂಥಮಾಲೆಯ ಸಂಪುಟಗಳು ಇಂದಿಗೂ ಬರುತ್ತಿವೆ. ಅದರಲ್ಲಿ ಪರೀಕ್ಷೆಗಳ ವಿಮರ್ಶೆಯನ್ನು ಸ್ವತಂತ್ರ ತಜ್ಞರು ಬರೆಯುತ್ತಾರೆ. ಎಲ್ಲಕ್ಕಿಂತ ಹತ್ತಿರದ ಸಾಕ್ಷಿ ನಿಮ್ಮ ಕಡತದಲ್ಲೇ ಇದೆ: ಹೆಚ್ಚು ಅಂಕ ಪಡೆದು ಸೇರಿದವರು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆಯೇ?

ಇನ್ನೊಂದು ಲೆಕ್ಕವನ್ನೂ ಮಾಡಿ. ಅಮೆರಿಕದ 1978ರ ಮಾರ್ಗಸೂಚಿಯಲ್ಲಿ ಐದನೇ ನಾಲ್ಕರ ಅಳತೆಯೊಂದಿದೆ. ಒಂದು ಗುಂಪು ಪಾಸಾಗುವ ಪ್ರಮಾಣ ಇನ್ನೊಂದರ ಐದನೇ ನಾಲ್ಕು ಭಾಗಕ್ಕಿಂತ ಕೆಳಗಿಳಿದರೆ ಪರೀಕ್ಷೆಯನ್ನು ಅನುಮಾನಿಸಬೇಕು. ಅಲ್ಲಿ ಅದು ಜನಾಂಗ, ಲಿಂಗಗಳಿಗೆ ಅನ್ವಯಿಸುವಂಥದ್ದು. ನೀವು ಅದನ್ನು ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೂ ಹಿಡಿದು ನೋಡಿ. ಇಂಗ್ಲಿಷ್ ಮಾಧ್ಯಮದವರು ನೂರಕ್ಕೆ 60 ಮಂದಿ ದಾಟಿ, ಇವರು 48 ಮಂದಿಯೂ ದಾಟದಿದ್ದರೆ ನಿಲ್ಲಿಸಿ ಯೋಚಿಸಿ. ಲೇತ್ ಮೇಲೆ ಕೂರುವವನಿಗೆ, ಗೋದಾಮಿನ ಲೆಕ್ಕ ಬರೆಯುವವಳಿಗೆ ನೀವು ಅಳೆಯುತ್ತಿರುವುದು ಕೆಲಸವನ್ನೋ, ಓದಿದ ಶಾಲೆಯನ್ನೋ?

ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳೇ, ಕ್ಯಾಂಪಸ್ಸಿಗೆ ಬರುವ ಕಂಪನಿಯನ್ನು ಇದೇ ಪ್ರಶ್ನೆ ಕೇಳಿ. ಒಬ್ಬ ವಿದ್ಯಾರ್ಥಿ ಕೇಳಲು ಹೆದರುವುದನ್ನು ಕಾಲೇಜು ಕೇಳಬಹುದು. ಎಚ್‌ಆರ್ ಗೆಳೆಯರೇ, ನೀವು ಬಳಸುವ ಪರೀಕ್ಷೆಯ ಕೈಪಿಡಿ ಕಳಿಸಿ ಎಂದು ಈ ವಾರವೇ ಒಂದು ಪತ್ರ ಬರೆಯಿರಿ. ಉತ್ತರ ಬರುವವರೆಗೆ ಆ ಅಂಕವೊಂದನ್ನೇ ನೋಡಿ ಯಾರನ್ನೂ ಹಿಂದಕ್ಕೆ ಕಳಿಸಬೇಡಿ.